ಅಂಜೂರದ ಜಾಮ್ ಇಡುವ ಬಗೆ

ಪುಟ್ಟೀ,

ಅಂಜೂರದ ಜಾಮ್ ಮಾಡಿದ್ದೀಯಂತೆ, ಅದೂ ನಾಲ್ಕು ಬಾಟಲಿ! ಕೇಳಿ ತುಂಬಾ ಖುಷಿಯಾಯಿತು. ಅಷ್ಟು ಹೊತ್ತು ಒಲೆ ಮುಂದೆ ನಿಂತು ಕೈಯಾಡಿಸಿದ್ದು ಕೆಟ್ಟುಹೋಗಬಾರದಲ್ವಾ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಇದನ್ನು ಹೇಳು, ನಿಂಬೆರಸ ಹಾಕಿದ್ದೀಯಾ? ಅಂಜೂರದಲ್ಲಿ ಹುಳಿ ಕಡಿಮೆ. ಹುಳಿಯೂ ಸಕ್ಕರೆಯೂ ಸಾಲದಿದ್ದರೆ ಮುಚ್ಚಿದ ಬಾಟಲಿಯೊಳಗೇ ವಿಷ ಹುಟ್ಟಬಹುದು. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ನಿಂಬೆರಸ ಹಾಕಿಲ್ಲವಾದರೆ ಒಂದು ಬಾಟಲಿಯನ್ನೂ ಹೊರಗೆ ಇಡಬೇಡ. ಈಗಿನದಕ್ಕೆ ಒಂದನ್ನು ಫ್ರಿಜ್‌ನಲ್ಲಿಡು, ಉಳಿದದ್ದು ಫ್ರೀಜರ್‌ಗೆ ಹೋಗಲಿ. ಫ್ರೀಜರ್‌ಗೆ ಇಡುವಾಗ ಬಾಟಲಿಯ ಮೇಲ್ಗಡೆ ಅರ್ಧ ಇಂಚಿಗಿಂತ ಜಾಸ್ತಿಯೇ ಜಾಗ ಬಿಡು, ಹೆಪ್ಪುಗಟ್ಟುವಾಗ ಜಾಮ್ ಹಿಗ್ಗುತ್ತದೆ.

ತೆರೆದ ಬಾಟಲಿ ಯಾವಾಗಲೂ ಫ್ರಿಜ್‌ನಲ್ಲೇ ಇರಲಿ, 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗೆ. ಒಂದು ತಿಂಗಳೊಳಗೆ ಮುಗಿಸು. ಸಕ್ಕರೆ ಕಡಿಮೆ ಹಾಕಿದ್ದರೆ ಇನ್ನೂ ಬೇಗ.

ಆಮೇಲೆ ಚಮಚದ ವಿಷಯ. ಒಮ್ಮೆ ನಾನು ಬ್ರೆಡ್ಡಿಗೆ ಬೆಣ್ಣೆ ಸವರಿದ ಚಮಚವನ್ನೇ ಜಾಮ್ ಬಾಟಲಿಗೆ ಹಾಕಿಬಿಟ್ಟೆ. ಕೆಲವು ದಿನ ಬಿಟ್ಟು ನೋಡಿದರೆ ಅಂಚಿನಲ್ಲಿ, ಬ್ರೆಡ್ಡಿನ ಪುಡಿ ಅಂಟಿದ್ದ ಕಡೆಯೇ, ಹತ್ತಿಯ ಎಳೆಯ ಹಾಗೆ ಬಿಳಿ ಬೂಷ್ಟು. ಅಷ್ಟನ್ನು ಕೆರೆದು ತೆಗೆದರೆ ಸಾಕು ಅಂದುಕೊಂಡು ಉಳಿದದ್ದನ್ನು ತಿಂದೆ. ಹಾಗೆ ಮಾಡಬಾರದಿತ್ತು. ಮೇಲೆ ಕಾಣುವುದು ಚೂರೇ ಆದರೂ ಅದರ ಎಳೆಗಳು ಒಳಗೆ ಇಳಿದಿರುತ್ತವೆ. ನಿನಗೆ ಎಂದಾದರೂ ಬೂಷ್ಟು ಕಂಡರೆ ಇಡೀ ಬಾಟಲಿಯನ್ನೇ ಎಸೆ, ಮನಸ್ಸು ಗಟ್ಟಿ ಮಾಡಿಕೊ. ಈಗ ನಾನು ಬೇಕಾದಷ್ಟನ್ನು ಒಣ ಚಮಚದಲ್ಲಿ ಚಿಕ್ಕ ಬಟ್ಟಲಿಗೆ ತೆಗೆದುಕೊಂಡು, ಬಾಟಲಿಯನ್ನು ಕೂಡಲೇ ಒಳಗಿಡುತ್ತೇನೆ.

ಬರೀ ಬ್ರೆಡ್ಡಿಗೆ ಸವರಿಯೇ ಮುಗಿಸಬೇಡ. ಉಪ್ಪುಪ್ಪಾದ ಚೀಸ್ ಜೊತೆ ತಿಂದು ನೋಡು, ಆ ಸಣ್ಣ ಬೀಜಗಳು ಹಲ್ಲಿಗೆ ಕಟಕಟ ಅನ್ನುವಾಗ ಎಷ್ಟು ಚೆನ್ನಾಗಿರುತ್ತದೆ! ಸಪ್ಪೆ ಮೊಸರಿಗೂ ಹೊಂದುತ್ತದೆ. ಜಾಮ್ ತೆಳ್ಳಗಾಗಿದ್ದರೆ ಬೇಜಾರು ಮಾಡಿಕೊಂಡು ಮತ್ತೆ ಮತ್ತೆ ಕುದಿಸಬೇಡ, ಸೀದುಹೋಗುತ್ತದೆ. ಹಾಗೇ ಐಸ್‌ಕ್ರೀಂ ಮೇಲೆ ಸುರಿದುಕೊ.

ಬಾಟಲಿಯ ತಳದಲ್ಲಿ ಅಂಟಿಕೊಂಡಿದ್ದನ್ನು ತೊಳೆದು ಚೆಲ್ಲಬೇಡ. ಉಗುರುಬೆಚ್ಚಗಿನ ಹಾಲು ಹಾಕಿ, ಮುಚ್ಚಳ ಬಿಗಿದು ಕುಲುಕಿ, ಆಗಲೇ ಕುಡಿದುಬಿಡು. ನಿಂಬೆರಸದ ವಿಷಯ ಮಾತ್ರ ಮರೆಯದೆ ತಿಳಿಸು, ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಮ್ಮ