ಬಸ್ ನಿಲ್ದಾಣದ ಆ ಹಿರಿಯರಿಗೆ

ದಾವಣಗೆರೆಯ ಬಸ್ ನಿಲ್ದಾಣದ ಬೆಂಚಿನ ಮೇಲೆ, ಚಹಾದ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದರೂ ತುಳುಕಿಸಿಕೊಳ್ಳುತ್ತಿದ್ದ ನನ್ನ ಪಕ್ಕದಲ್ಲಿ ಕುಳಿತು, ಏನನ್ನೂ ಕೇಳದೆ, ‘ನನಗೂ ಹೀಗೇ ನಡುಗುತ್ತಿತ್ತು ತಮ್ಮಾ’ ಎಂದ ಹಿರಿಯರಿಗೆ ಈ ಬರಹ.

ಬಹುಕಾಲದ ಕುಡಿತವನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇರುವುದರಿಂದ ಮೊದಲು ವೈದ್ಯರನ್ನು ಕಾಣಬೇಕೆಂದು ತಾವು ಪಟ್ಟು ಹಿಡಿದಿರಿ. ಆಮೇಲಷ್ಟೇ ಮಿರ್ಚಿ ಕಟ್ಟಿದ್ದ ಕಾಗದದ ಅಂಚಿನಲ್ಲಿ ಹೆಸರು ಬಯಲು ಮಾಡದೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಯ ವಿಳಾಸವನ್ನು ಬರೆದುಕೊಟ್ಟಿರಿ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡಿತದವರು ಪರಸ್ಪರ ಮನಬಿಚ್ಚಿ ಮಾತಾಡಿದ್ದರಿಂದ ಹುಟ್ಟಿದ ಆ ಕೂಟಕ್ಕೆ ಶುಲ್ಕವಿಲ್ಲ, ಕುಡಿತ ಬಿಡುವ ಇಚ್ಛೆಯೊಂದಿದ್ದರೆ ಸಾಕು ಎಂಬುದನ್ನು ನಾನು ನಂಬಿರಲಿಲ್ಲ. ಪುಕ್ಕಟೆ ಎಂದರೆ ನಮಗೆ ಅನುಮಾನವೇ ಹೆಚ್ಚಲ್ಲವೇ!

ಬಾಗಿಲವರೆಗೂ ಹೋಗಿ ಎರಡು ಸಲ ಹಿಂದಿರುಗಿದೆ. ಮೂರನೆಯ ಸಲ ಒಳಗೆ ಹೋದಾಗ ಯಾರೂ ಮನೆತನ, ಜಾತಿ, ಕೆಲಸ ಕೇಳಲಿಲ್ಲ. ಒಬ್ಬರ ಮಾತಿಗೆ ಮತ್ತೊಬ್ಬರು ನಡುವೆ ಬಾಯಿ ಹಾಕಲಿಲ್ಲ. ಹೆಂಡತಿಯ ಓಲೆ ಅಡವಿಟ್ಟ ಕಥೆಯನ್ನು ಯಾರೋ ಹೇಳುತ್ತಿದ್ದಾಗ ಅದು ನನ್ನದೇ ಎನಿಸಿ ತಲೆ ತಗ್ಗಿಸಿದೆ. ಇಡೀ ಆಯುಷ್ಯದ ಮಾತು ಬೇಡ, ಇವತ್ತೊಂದು ದಿನ ಕುಡಿಯದಿದ್ದರೆ ಸಾಕೆಂಬ ಅಲ್ಲಿನ ಲೆಕ್ಕ ನನ್ನ ಅಳವಿನಲ್ಲಿತ್ತು.

ತಾವು ಹೆಸರು ಹೇಳಲಿಲ್ಲ. ಹೇಳಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ. ಎಣ್ಣೆಯ ಕಲೆಯ ಆ ಕಾಗದ ಇನ್ನೂ ನನ್ನ ಜೇಬಿನಲ್ಲಿದೆ. ತಮಗೆ ನನ್ನ ಮತ್ತು ನನ್ನ ಮನೆಯವರ ಹೃತ್ಪೂರ್ವಕ ಧನ್ಯವಾದಗಳು.