ಹತ್ತು ಜನ, ಒಂದೇ ಮನೆ

ಮ್ಯೂನಿಕ್
16 ನವೆಂಬರ್ 2025

ಪ್ರೀತಿಯ ಅಕ್ಕ,

ಭಾವ ಕಳಿಸಿದ ಯುರೋಪ್ ಪ್ರವಾಸದ ಪ್ಲಾನ್ ಓದಿದೆ. ಹನ್ನೊಂದು ದಿನ, ಐದು ದೇಶ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಮ್ಯೂನಿಕ್, ಇಂಟರ್‌ಲಾಕನ್, ವೆನಿಸ್, ರೋಮ್. ರೈಲಿನ ಸಮಯ ಕೂಡ ಬರೆದಿದ್ದಾರೆ. ಎಷ್ಟು ರಾತ್ರಿ ಕೂತು ಮಾಡಿದ್ದಾರೋ ಪಾಪ. ಆದರೂ ನಾನು ಬೇಡ ಅಂತಲೇ ಹೇಳುತ್ತೇನೆ. ಅವರಿಗೆ ಬೇಜಾರಾಗದ ಹಾಗೆ ನೀನೇ ಓದಿ ಹೇಳು. ಮಧ್ಯದಲ್ಲಿ ದುಡ್ಡಿನ ವಿಷಯ ಬರೆದಿದ್ದೀನಿ. ಅದಷ್ಟನ್ನು ಗಟ್ಟಿಯಾಗಿ ಓದಬೇಡ, ಅದು ನಿನಗೆ ಮಾತ್ರ.

ಬರುವವರು ಯಾರು ಅಂತ ಮೊದಲು ನೋಡೋಣ. ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ಅತ್ತೆ, ನೀವಿಬ್ಬರು, ಮಕ್ಕಳಿಬ್ಬರು. ಒಂಬತ್ತು ಜನ. ಅದರಲ್ಲಿ ಐವರು ಅರವತ್ತು ದಾಟಿದವರು. ಅತ್ತೆಗೆ ಮಂಡಿ ನೋವು. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು. ಇಲ್ಲಿಯ ರೈಲು ಸಣ್ಣ ಸ್ಟೇಷನ್‌ಗಳಲ್ಲಿ ಎರಡು ಮೂರು ನಿಮಿಷ ಕೂಡ ನಿಲ್ಲುವುದಿಲ್ಲ. ಅಷ್ಟರೊಳಗೆ ಒಂಬತ್ತು ಜನ, ಒಂಬತ್ತು ಸೂಟ್‌ಕೇಸ್, ಮೇಲೆ ಕೈಚೀಲಗಳು. ಭಾವನ ಪ್ಲಾನ್‌ನಲ್ಲಿ ಇದು ಒಂದು ದಿನ ಬಿಟ್ಟು ಒಂದು ದಿನ ಆಗುತ್ತದೆ. ಹೋಟೆಲ್‌ನವರು ಬೆಳಗ್ಗೆ ಹನ್ನೊಂದಕ್ಕೆಲ್ಲ ರೂಮು ಖಾಲಿ ಮಾಡಿಸುತ್ತಾರೆ, ಮುಂದಿನ ಊರಿನಲ್ಲಿ ರೂಮು ಕೊಡುವುದು ಮಧ್ಯಾಹ್ನ ಮೂರಕ್ಕೆ. ಆ ನಡುವಿನ ಹೊತ್ತಿನಲ್ಲಿ ಅತ್ತೆ ಎಲ್ಲಿ ಕೂರಬೇಕು? ಬೀದಿ ಬದಿಯ ಬೆಂಚಿನ ಮೇಲಾ?

ನನ್ನ ಮನಸ್ಸಿನಲ್ಲಿರುವುದು ಇಷ್ಟು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಕಾಲಿಗೆ ತಕ್ಕ ಹಾಗೆ ಪ್ಲಾನ್ ಮಾಡೋಣ. ಎಲ್ಲರಿಗಿಂತ ಕಡಿಮೆ ಖರ್ಚು ಮಾಡಬಲ್ಲವರ ಕೈಗೆ ತಕ್ಕ ಹಾಗೆ ಬಜೆಟ್ ಹಾಕೋಣ. ಉಳಿದವರಿಗೆ ಜಾಸ್ತಿ ನೋಡಬೇಕು ಅನಿಸಿದರೆ ಒಂದೆರಡು ದಿನ ಬೇರೆಯಾಗಿ ಹೋಗಿ ಬರಲಿ.

ಹಾಗಾಗಿ ಒಂದೇ ಮನೆ ಹಿಡಿಯೋಣ ಅಂತಿದ್ದೀನಿ. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್‌ಗೆ ಹೋಗುವ ರೈಲು ದಾರಿಯಲ್ಲಿ ಪ್ರೀನ್ ಅಂತ ಒಂದು ಸಣ್ಣ ಊರಿದೆ, ಕೀಮ್‌ಸೇ ಕೆರೆಯ ದಡದಲ್ಲಿ. ಕೆರೆ ಅಂದರೆ ನಮ್ಮೂರ ಕೆರೆಯ ಲೆಕ್ಕವಲ್ಲ. ಆಚೆ ದಡ ಮಂಜಿನಲ್ಲಿ ಕಾಣುವುದೇ ಇಲ್ಲ, ಮೇ ತಿಂಗಳಲ್ಲೂ ದಕ್ಷಿಣಕ್ಕೆ ಆಲ್ಪ್ಸ್ ನೆತ್ತಿಯ ಮೇಲೆ ಹಿಮ ಇರುತ್ತದೆ. ಅಲ್ಲಿ ಪ್ರವಾಸಿಗಳಿಗೆ ಅಂತಲೇ ಇಡೀ ಮನೆ ಬಾಡಿಗೆಗೆ ಸಿಗುತ್ತದೆ. ಅಡುಗೆಮನೆ, ಬಟ್ಟೆ ಒಗೆಯುವ ಮಷೀನು, ಕೆಳಗಿನ ಮಹಡಿಯಲ್ಲೇ ಮಲಗುವ ಕೋಣೆ ಇರುವ ಮನೆ ಹುಡುಕುತ್ತಿದ್ದೇನೆ. ಮ್ಯೂನಿಕ್‌ಗೂ ಸಾಲ್ಜ್‌ಬರ್ಗ್‌ಗೂ ಅಲ್ಲಿಂದ ರೈಲಿನಲ್ಲಿ ಸುಮಾರು ಒಂದೊಂದು ಗಂಟೆ. ಬೆಳಗ್ಗೆ ಅಮ್ಮ ಉಪ್ಪಿಟ್ಟು ಮಾಡಿದರೆ ತಿಂದು ಹೊರಡುವುದು, ಸಂಜೆ ವಾಪಸ್ ಬಂದು ಅನ್ನ ಸಾರು. ಯಾರಿಗಾದರೂ ಸುಸ್ತಾದರೆ ಆ ದಿನ ಮನೆಯಲ್ಲೇ ಇರಬಹುದು. ಹೋಟೆಲ್ ಬದಲಿಸುವ ಪ್ಲಾನ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ.

ರೈಲಿನ ವಿಷಯ ಕೇಳು, ಇದು ನಮಗೆ ಅಂತಲೇ ಮಾಡಿದ ಹಾಗಿದೆ. ಬಯೇರ್ನ್ ಟಿಕೆಟ್ ಅಂತ ಒಂದಿದೆ. ಒಂದು ಟಿಕೆಟ್‌ನಲ್ಲಿ ಐದು ಜನರ ತನಕ ಒಂದಿಡೀ ದಿನ ಬಯೇರ್ನ್, ಅಂದರೆ ನಮ್ಮ ಈ ಬವೇರಿಯಾ ರಾಜ್ಯದೊಳಗೆ ಎಲ್ಲಿ ಬೇಕಾದರೂ ತಿರುಗಬಹುದು. ಬಸ್ಸು, ಟ್ರಾಮ್, ಮೆಟ್ರೋ ಎಲ್ಲ ಸೇರಿ. ಆಸ್ಟ್ರಿಯಾದಲ್ಲಿರುವ ಸಾಲ್ಜ್‌ಬರ್ಗ್ ತನಕವೂ ನಡೆಯುತ್ತದೆ. ವಾರದ ದಿನಗಳಲ್ಲಿ ಬೆಳಗ್ಗೆ ಒಂಬತ್ತರ ಮೇಲೆ ಹತ್ತಬೇಕು, ವೇಗದ ಐಸಿಇ ರೈಲಿಗೆ ಹತ್ತುವ ಹಾಗಿಲ್ಲ, ಅಷ್ಟೆ. ನೀವು ಒಂಬತ್ತು, ನಾನು ಒಬ್ಬಳು, ಒಟ್ಟು ಹತ್ತು ಜನ. ಎರಡೇ ಟಿಕೆಟ್!

ಕಾರಿನ ಲೆಕ್ಕ ಹೀಗೆ ಕೂಡಿಬರುವುದಿಲ್ಲ. ಇಲ್ಲಿಯ ಸಾಮಾನ್ಯ ಲೈಸೆನ್ಸ್‌ನಲ್ಲಿ ಡ್ರೈವರ್ ಸೇರಿ ಒಂಬತ್ತು ಸೀಟಿನ ವ್ಯಾನ್ ತನಕ ಮಾತ್ರ ಓಡಿಸಬಹುದು. ಹತ್ತನೆಯವರಿಗೆ ಇನ್ನೊಂದು ಕಾರು ಬೇಕು. ನಮ್ಮ ಯಜಮಾನರಿಗೆ ಆಫೀಸಿಗೆ ರಜೆ ಸಿಗುವುದು ಕಷ್ಟ, ಶನಿವಾರ ಭಾನುವಾರ ಬಂದು ಸೇರಿಕೊಳ್ಳುತ್ತಾರೆ. ಆ ಎರಡು ದಿನ ವ್ಯಾನ್ ನಾನು, ನಮ್ಮ ಕಾರು ಇವರು. ಭಾವ ಓಡಿಸುವುದು ಬೇಡ. ಬಲಗಡೆ ಓಡಿಸುವ ಅಭ್ಯಾಸ ಇಲ್ಲದೆ ಮನೆಯವರನ್ನೆಲ್ಲ ಕೂರಿಸಿಕೊಂಡು ಹೊರಡುವುದು ಸರಿಯಲ್ಲ. ಇನ್ನೊಂದು, ಹನ್ನೆರಡು ವರ್ಷದೊಳಗಿನ, ಒಂದೂವರೆ ಮೀಟರ್‌ಗಿಂತ ಗಿಡ್ಡ ಇರುವ ಮಕ್ಕಳಿಗೆ ಇಲ್ಲಿ ಮಕ್ಕಳ ಸೀಟು ಕಡ್ಡಾಯ. ಪುಟ್ಟಿಯ ಎತ್ತರ ಅಳೆದು ಕಳಿಸು.

ಆ ಶನಿವಾರ ಎಲ್ಲಿಗೆ ಅಂತ ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೀನಿ. ಕ್ಯೋನಿಗ್ಸ್‌ಸೇಗೆ. ಎರಡೂ ಕಡೆ ನೆಟ್ಟಗೆ ಎದ್ದ ಬೆಟ್ಟ, ನಡುವೆ ಉದ್ದಕ್ಕೆ ಹಸಿರು ನೀರಿನ ಸರೋವರ. 1909ರಿಂದ ಅಲ್ಲಿ ಬ್ಯಾಟರಿ ದೋಣಿಗಳೇ ಓಡುವುದು, ಹೊಗೆಯೂ ಇಲ್ಲ, ಸದ್ದೂ ಇಲ್ಲ. ಅರ್ಧ ದಾರಿ ಹೋದ ಮೇಲೆ ದೋಣಿಯವನು ಮೋಟಾರ್ ನಿಲ್ಲಿಸುತ್ತಾನೆ. ಬಾಗಿಲು ತೆಗೆದು, ಎದುರಿನ ಬಂಡೆಗೆ ಮುಖ ಮಾಡಿ ಕಹಳೆಯಂಥ ವಾದ್ಯದಲ್ಲಿ ನಾಲ್ಕು ಸ್ವರ ಊದುತ್ತಾನೆ. ನಿಲ್ಲಿಸುತ್ತಾನೆ. ಅದೇ ನಾಲ್ಕು ಸ್ವರ ಬಂಡೆಯಿಂದ ಸ್ಪಷ್ಟವಾಗಿ ವಾಪಸ್ ಬರುತ್ತವೆ. ಮುಂದಿನ ಸಾಲು ಊದುತ್ತಾನೆ, ಅದೂ ವಾಪಸ್ ಬರುತ್ತದೆ. ಅಪ್ಪ ಅದನ್ನು ಕೇಳಬೇಕು ಅಕ್ಕ. ಊರ ಜಾತ್ರೆಯಲ್ಲಿ ನಾದಸ್ವರದವರ ಪಕ್ಕವೇ ಹೋಗಿ ಕೂರುವವರು ಅವರು. ದೋಣಿ ಇಳಿಯುವ ಕಡೆ ಕೆಂಪು ಗುಮ್ಮಟದ ಪುಟ್ಟ ಚರ್ಚ್ ಇದೆ, ಸುತ್ತ ಸಮತಟ್ಟು ನೆಲ. ಅತ್ತೆ ಆರಾಮಾಗಿ ನಡೆಯಬಹುದು.

ಅಮ್ಮನಿಗೆ ಹಿಮ ಮುಟ್ಟಬೇಕು ಅಂತ ಆಸೆ ಅಲ್ವಾ. ಅದಕ್ಕೆ ಇಂಟರ್‌ಲಾಕನ್ ತನಕ ಹೋಗಬೇಕಾಗಿಲ್ಲ. ಜರ್ಮನಿಯ ಅತಿ ಎತ್ತರದ ಬೆಟ್ಟ ತ್ಸುಗ್‌ಸ್ಪಿಟ್ಸೆ, 2962 ಮೀಟರ್, ಕೇಬಲ್ ಕಾರಿನಲ್ಲಿ ನೆತ್ತಿಯ ತನಕ ಹೋಗಬಹುದು. ಮೇ ಮೊದಲಲ್ಲಿ ಮೇಲೆ ಹಿಮ ಇದ್ದೇ ಇರುತ್ತದೆ. ಬೇಸಿಗೆಗೆ ಮುಂಚೆ ಕೆಲವು ಕೇಬಲ್ ಕಾರುಗಳನ್ನು ಒಂದಷ್ಟು ದಿನ ರಿಪೇರಿಗೆ ನಿಲ್ಲಿಸುತ್ತಾರೆ, ಆ ತಾರೀಖು ನಾನು ನೋಡಿಕೊಳ್ಳುತ್ತೇನೆ. ಆದರೆ ದೊಡ್ಡಪ್ಪನಿಗೆ ಸ್ಟೆಂಟ್ ಹಾಕಿದ್ದಾರಲ್ಲ, ಅಷ್ಟು ಎತ್ತರಕ್ಕೆ ಹತ್ತೇ ನಿಮಿಷದಲ್ಲಿ ಏರಬಹುದಾ ಅಂತ ಅವರ ಡಾಕ್ಟರನ್ನು ಕೇಳಲೇಬೇಕು. ಬೇಡ ಅಂದರೆ ನಾನು ಅವರ ಜೊತೆ ಕೆಳಗಿನ ಐಬ್‌ಸೇ ಸರೋವರದ ದಡದಲ್ಲೇ ಇರುತ್ತೇನೆ.

ಮಕ್ಕಳು ಕೇಳಿದ ನಾಯ್‌ಶ್ವಾನ್‌ಸ್ಟೈನ್ ಅರಮನೆಗೆ ಹೋಗಬಹುದು. ಆದರೆ ಗುಡ್ಡ ಹತ್ತಬೇಕು, ಒಳಗೂ ಮೆಟ್ಟಿಲೇ ಮೆಟ್ಟಿಲು, ಟಿಕೆಟ್‌ನಲ್ಲಿ ಬರೆದ ಹೊತ್ತು ತಪ್ಪಿದರೆ ಒಳಗೆ ಬಿಡುವುದಿಲ್ಲ. ಅದೇ ರಾಜ ಎರಡನೇ ಲುಡ್ವಿಗ್ ಕಟ್ಟಿಸಿದ ಇನ್ನೊಂದು ಅರಮನೆ ನಮ್ಮ ಪ್ರೀನ್ ಎದುರಿನ ದ್ವೀಪದಲ್ಲೇ ಇದೆ. ಫ್ರಾನ್ಸಿನ ವರ್ಸೈಲ್ಸ್ ನೋಡಿ ಅದೇ ಥರ ಬೇಕು ಅಂತ 1878ರಲ್ಲಿ ಶುರು ಮಾಡಿಸಿದ್ದು. 1886ರಲ್ಲಿ ರಾಜ ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು. ಕನ್ನಡಿಗಳ ಉದ್ದನೆಯ ಹಜಾರ ಒಂದು ಕಡೆ, ಗಾರೆ ಕೂಡ ಮಾಡದ ಬರೀ ಇಟ್ಟಿಗೆ ಗೋಡೆ ಇನ್ನೊಂದು ಕಡೆ. ಈ ವರ್ಷ ಜುಲೈನಲ್ಲಿ ಯುನೆಸ್ಕೋ ಅವನ ಅರಮನೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಇದೂ ಅದರಲ್ಲಿದೆ. ದೋಣಿ ಇಳಿದ ಮೇಲೆ ಅರಮನೆ ತನಕ ಕುದುರೆ ಗಾಡಿ ಇರುತ್ತದೆ. ಮಕ್ಕಳನ್ನು ನೀವಿಬ್ಬರು ನಾಯ್‌ಶ್ವಾನ್‌ಸ್ಟೈನ್‌ಗೆ ಕರೆದುಕೊಂಡು ಹೋಗಿ, ಹಿರಿಯರನ್ನು ನಾನು ಇಲ್ಲಿಗೆ ಕರೆದೊಯ್ಯುತ್ತೇನೆ.

ಇನ್ನು ದುಡ್ಡು. ಇದು ನಿನಗೆ ಮಾತ್ರ.

ಅತ್ತೆಗೆ ಬರುವುದು ಪಿಂಚಣಿ ಒಂದೇ. ಎಷ್ಟು ಖರ್ಚು ಅಂದರೂ ಅವರು ಹೂಂ ಅನ್ನುತ್ತಾರೆ, ಆಮೇಲೆ ಒಬ್ಬರೇ ಯೋಚನೆ ಮಾಡಿಕೊಂಡು ಕೂರುತ್ತಾರೆ. ಕೊಟ್ಟರೆ ತೆಗೆದುಕೊಳ್ಳುವವರೂ ಅಲ್ಲ. ನಾನು ಪಿಯುಸಿಗೆ ಹಾಸ್ಟೆಲ್ ಸೇರಿದಾಗ ಫೀಸು ಕಟ್ಟಿದ್ದು ಅವರು, ಅದನ್ನು ಇವತ್ತಿಗೂ ಯಾರ ಮುಂದೆಯೂ ಆಡಿದವರಲ್ಲ. ಹಾಗಾಗಿ ಮನೆ ಬಾಡಿಗೆ, ವ್ಯಾನ್, ದಿನಸಿ ಮೂರೂ ನಮ್ಮದು. ಇವರೂ ಒಪ್ಪಿದ್ದಾರೆ. ಎಲ್ಲರಿಗೂ ಒಂದೇ ಥರ, ಅತ್ತೆಗೆ ಅಂತ ಬೇರೆ ಇಲ್ಲ. ಹಾಗೆ ಮಾಡಿದರೆ ಅವರಿಗೆ ಮುಜುಗರ ಆಗುವುದಿಲ್ಲ. ವಿಮಾನದ ಟಿಕೆಟ್, ವೀಸಾ, ಇನ್ಶೂರೆನ್ಸ್ ಅವರವರದು. ಹೊರಗಡೆ ತಿರುಗುವ ಖರ್ಚಿಗೆ ತಲಾ ಇಷ್ಟು ಅಂತ ಮೊದಲೇ ಸೇರಿಸಿ ಒಬ್ಬರ ಕೈಯಲ್ಲಿ ಕೊಡೋಣ. ಭಾವನೇ ಇಟ್ಟುಕೊಳ್ಳಲಿ, ಲೆಕ್ಕದಲ್ಲಿ ಅವರು ಗಟ್ಟಿ. ರಾತ್ರಿ ಊಟ ಆದ ಮೇಲೆ ಆ ದಿನದ ಲೆಕ್ಕ ಎಲ್ಲರ ಎದುರಿಗೆ ಓದಿಬಿಡಲಿ. ಊರಿಗೆ ಹೋದ ಮೇಲೆ ಯಾರು ಎಷ್ಟು ಕೊಟ್ಟರು ಅನ್ನುವ ಮಾತು ಬರಬಾರದು.

ಟ್ರಾವೆಲ್ಸ್‌ನವರ ಪ್ಯಾಕೇಜ್ ತೆಗೆದುಕೊಂಡರೆ ಇನ್ನೊಂದು ತೊಡಕಿದೆ. ವಿದೇಶದ ಟೂರ್ ಪ್ಯಾಕೇಜ್‌ಗೆ ಈ 2025ರ ನಿಯಮದಲ್ಲಿ ಒಬ್ಬರ ಪ್ಯಾನ್ ಮೇಲೆ ವರ್ಷಕ್ಕೆ 10 ಲಕ್ಷದ ತನಕ ಶೇಕಡ 5, ಅದಕ್ಕಿಂತ ಮೇಲಾದದ್ದಕ್ಕೆ ಶೇಕಡ 20 ಟಿಸಿಎಸ್ ಅಂತ ಮುಂಗಡ ತೆರಿಗೆ ಹಿಡಿಯುತ್ತಾರೆ. ಒಂಬತ್ತು ಜನರದ್ದನ್ನೂ ಭಾವ ಒಬ್ಬರೇ ಕಟ್ಟಿದರೆ 10 ಲಕ್ಷ ದಾಟಿಯೇ ದಾಟುತ್ತದೆ. ರಿಟರ್ನ್ಸ್ ಹಾಕಿದಾಗ ವಾಪಸ್ ಸಿಗುತ್ತದೆ, ನಿಜ. ಅಲ್ಲಿ ತನಕ ಅಷ್ಟು ದುಡ್ಡು ಸುಮ್ನೆ ಯಾಕೆ ಸಿಕ್ಕಿಹಾಕಿಕೊಳ್ಳಬೇಕು?

ಇಲ್ಲಿಂದ ಮತ್ತೆ ಗಟ್ಟಿಯಾಗಿ ಓದು.

ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನ ಇದೆ, ಅದರಲ್ಲೇ ಬನ್ನಿ. ಟಿಕೆಟ್ ಹುಡುಕುವಾಗ ಒಂಬತ್ತು ಜನ ಅಂತ ಹಾಕಬೇಡಿ. ಕಡಿಮೆ ದರದ ಸೀಟು ನಾಲ್ಕೇ ಉಳಿದಿದ್ದರೆ ಒಂಬತ್ತಕ್ಕೂ ಮೇಲಿನ ದರವೇ ತೋರಿಸುತ್ತದೆ. ನಾಲ್ಕು, ಐದು ಅಂತ ಬೇರೆ ಬೇರೆ ಹುಡುಕಿ ನೋಡಿ. ಎರಡು ಪಿಎನ್‌ಆರ್ ಆದರೆ ಒಂದರಲ್ಲಿ ನೀನು, ಇನ್ನೊಂದರಲ್ಲಿ ಭಾವ ಇರಿ. ವಿಮಾನ ತಪ್ಪಿ ಬೇರೆ ವಿಮಾನಕ್ಕೆ ಹಾಕಿದರೆ ಹಿರಿಯರು ಮಾತ್ರ ಒಂದು ಕಡೆ ಉಳಿಯಬಾರದು. ಅತ್ತೆಗೂ ದೊಡ್ಡಮ್ಮನಿಗೂ ವೀಲ್‌ಚೇರ್ ಬೇಕು ಅಂತ ಬುಕಿಂಗ್ ಮಾಡುವಾಗಲೇ ಬರೆಸಿ. ನಡೆಯಲು ಆಗುತ್ತದೆ ಅಂತ ಅತ್ತೆ ಹೇಳುತ್ತಾರೆ, ಕೇಳಬೇಡ.

ಎಲ್ಲಕ್ಕಿಂತ ಮುಂಚೆ ಅಪ್ಪ ಅಮ್ಮನ ಪಾಸ್‌ಪೋರ್ಟ್ ನೋಡಿ. 2016ರಲ್ಲಿ ಮಾಡಿಸಿದ್ದು, ಬರುವ ಮಾರ್ಚ್‌ಗೆ ಮುಗಿಯುತ್ತದೆ. ಇಲ್ಲಿಂದ ವಾಪಸ್ ಹೊರಡುವ ದಿನಕ್ಕಿಂತ ಮುಂದೆ ಮೂರು ತಿಂಗಳಾದರೂ ಅವಧಿ ಇರಬೇಕು. ಈ ವಾರವೇ ಹೊಸದಕ್ಕೆ ಅರ್ಜಿ ಹಾಕಿ. ದೊಡ್ಡಪ್ಪನ ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಟಿಕೆಟ್, ಇನ್ಶೂರೆನ್ಸ್, ವೀಸಾ ಅರ್ಜಿ ಎಲ್ಲದರಲ್ಲೂ ಅಕ್ಷರಕ್ಕೆ ಅಕ್ಷರ ಹಾಗೇ ಇರಬೇಕು. ಒಂದು ಕಡೆ ಇನಿಷಿಯಲ್, ಒಂದು ಕಡೆ ಪೂರ್ತಿ ಹೆಸರು ಆಗಬಾರದು.

ವೀಸಾ ಒಬ್ಬೊಬ್ಬರಿಗೂ ಬೇರೆ ಅರ್ಜಿ. ಜಾಸ್ತಿ ದಿನ ಇರುವುದು ಜರ್ಮನಿಯಲ್ಲಿ, ಹಾಗಾಗಿ ಜರ್ಮನಿಯಿಂದ ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಅದೊಂದೇ ನಡೆಯುತ್ತದೆ. ಸಾಲ್ಜ್‌ಬರ್ಗ್‌ಗೂ ಅದೇ ಸಾಕು. ದೊಡ್ಡವರಿಗೆ 90 ಯೂರೋ, ಪುಟ್ಟಿಗೆ 45. ಹೊರಡುವ ದಿನಕ್ಕೆ ಆರು ತಿಂಗಳಿರುವಾಗಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಬೆರಳಚ್ಚಿಗೆ ಎಲ್ಲರೂ ಬೆಂಗಳೂರಿಗೆ ಹೋಗಬೇಕು, ಹನ್ನೆರಡರೊಳಗಿನ ಮಕ್ಕಳ ಬೆರಳಚ್ಚು ಮಾತ್ರ ತೆಗೆಯುವುದಿಲ್ಲ. ಇನ್ಶೂರೆನ್ಸ್ ಕಡಿಮೆ ಅಂದರೆ 30,000 ಯೂರೋದ್ದು ಬೇಕು. ದೊಡ್ಡಪ್ಪನಿಗೆ ಈಗಾಗಲೇ ಇರುವ ಕಾಯಿಲೆಗೂ ಅದು ನಡೆಯುತ್ತದಾ ಅಂತ ಸರಿಯಾಗಿ ಓದಿ ತೆಗೆದುಕೊಳ್ಳಿ. ಇಲ್ಲಿ ಇಳಿದ ಮೇಲೂ ಬೆರಳಚ್ಚು, ಫೋಟೋ ತೆಗೆಯುತ್ತಾರೆ. ಅಕ್ಟೋಬರ್ 12ರಿಂದ ಶುರುವಾದ ಹೊಸ ಪದ್ಧತಿ, ಗಾಬರಿ ಬೇಡ.

ತಾರೀಖು ಮೇ 2 ಶನಿವಾರದಿಂದ 13 ಬುಧವಾರದ ತನಕ ಇಟ್ಟುಕೊಳ್ಳೋಣ. 1ಕ್ಕೂ 14ಕ್ಕೂ ಇಲ್ಲಿ ಸರ್ಕಾರಿ ರಜೆ, ಕೊನೆಯ ವಾರ ಶಾಲೆಗಳಿಗೆ ರಜೆ ಶುರುವಾಗಿ ಎಲ್ಲ ಕಡೆ ನೂಕುನುಗ್ಗಲು. ಬೆಳಗ್ಗೆ ಚೆನ್ನಾಗಿಯೇ ಚಳಿ ಇರುತ್ತದೆ, ಎಲ್ಲರಿಗೂ ಸ್ವೆಟರ್, ಸಾಕ್ಸ್, ಹಿಡಿತ ಇರುವ ಶೂ ಬೇಕು. ಸೀರೆಗೂ ಶೂ ಹಾಕಿಕೊಳ್ಳಬೇಕು ಅಂತ ಅಮ್ಮನಿಗೆ ಈಗಿಂದಲೇ ಹೇಳು.

ತರುವ ಸಾಮಾನು. ಸಾರಿನ ಪುಡಿ, ಚಟ್ನಿಪುಡಿ, ಹುರಿಹಿಟ್ಟು ತನ್ನಿ. ತುಪ್ಪ, ಪೇಡ ಬೇಡ, ಹೊರದೇಶದ ಹಾಲಿನ ಪದಾರ್ಥಗಳನ್ನು ಇಲ್ಲಿ ಒಳಗೆ ಬಿಡುವುದಿಲ್ಲ. ಬೆಣ್ಣೆ ಇಲ್ಲಿ ಚೆನ್ನಾಗಿ ಸಿಗುತ್ತದೆ, ತುಪ್ಪ ನಾನೇ ಕಾಯಿಸಿಡುತ್ತೇನೆ. ಕರಿಬೇವು, ವೀಳ್ಯದೆಲೆ, ಮಾವಿನಹಣ್ಣು ಕೂಡ ತರುವ ಹಾಗಿಲ್ಲ. ಕೊಬ್ಬರಿಯನ್ನು ವಿಮಾನಕ್ಕೇ ಬಿಡುವುದಿಲ್ಲ, ಎಣ್ಣೆ ಜಾಸ್ತಿ ಇರುವುದರಿಂದ ಬೆಂಕಿ ಹತ್ತುತ್ತದೆ ಅಂತ. ತಿಪಟೂರಿನಿಂದ ಕೊಬ್ಬರಿ ಇಲ್ಲದೆ ಬರುವುದು ಅಮ್ಮನಿಗೆ ಸಂಕಟ ಅಂತ ಗೊತ್ತು, ಆದರೂ ಸೂಟ್‌ಕೇಸಿಗೆ ಹಾಕುವುದು ಬೇಡ. ಮಾತ್ರೆಗಳನ್ನು ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಭಾವನ ಸ್ನೇಹಿತರ ಮನೆಯವರು ಮೂವರೂ ಬರಲಿ, ನಮಗೆ ಸಂತೋಷವೇ. ಆದರೆ ಅವರಿಗೆ ಪ್ಯಾರಿಸ್ ನೋಡಲೇಬೇಕು ಅಂತ ಇದೆಯಲ್ಲ, ನಮ್ಮ ಜೊತೆ ಕಟ್ಟಿಹಾಕುವುದು ಬೇಡ. ಪ್ರೀನ್‌ನಲ್ಲೇ ಬೇರೆ ರೂಮು ಮಾಡಿಕೊಂಡು ನಾಲ್ಕು ದಿನ ನಮ್ಮ ಜೊತೆ ಇದ್ದು, ಮ್ಯೂನಿಕ್‌ನಿಂದ ರೈಲಿನಲ್ಲಿ ಪ್ಯಾರಿಸ್‌ಗೆ ಹೋಗಲಿ. ಫ್ರಾನ್ಸಿನಲ್ಲಿ ಜಾಸ್ತಿ ದಿನ ಇರುವುದಾದರೆ ಅವರು ವೀಸಾಕ್ಕೆ ಅರ್ಜಿ ಹಾಕಬೇಕಾದದ್ದು ಫ್ರಾನ್ಸಿಗೆ, ಇದನ್ನು ಭಾವ ಅವರಿಗೆ ಮೊದಲೇ ಹೇಳಿಬಿಡಲಿ. ಭಾವನಿಗೂ ಪ್ಯಾರಿಸ್ ಆಸೆ ಬಲವಾಗಿದ್ದರೆ ಎರಡು ದಿನ ಅವರ ಜೊತೆ ಹೋಗಿ ಬರಲಿ. ಹಿರಿಯರನ್ನು ನಾನು ನೋಡಿಕೊಳ್ಳುತ್ತೇನೆ.

ಮುಂದಿನ ಭಾನುವಾರ ಫೋನ್ ಮಾಡುತ್ತೇನೆ. ಅಷ್ಟರೊಳಗೆ ದೊಡ್ಡಪ್ಪನ ಡಾಕ್ಟರ್ ಏನಂದರು, ಪಾಸ್‌ಪೋರ್ಟ್‌ಗೆ ಯಾವ ದಿನ ಸಿಕ್ಕಿತು, ಎರಡೂ ಗೊತ್ತಾಗಿರಲಿ. ಪ್ರೀನ್‌ನಲ್ಲಿ ನೋಡಿರುವ ಒಂದು ಬಾಡಿಗೆ ಮನೆಯ ಮಾಲೀಕರು ಮುಂಗಡ ಕೇಳುತ್ತಿದ್ದಾರೆ, ನೀವು ಹೂಂ ಅಂದ ಕೂಡಲೇ ಕಟ್ಟಿಬಿಡುತ್ತೇನೆ. ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ಅತ್ತೆಗೆ ನನ್ನ ನಮಸ್ಕಾರ. ಮಕ್ಕಳಿಗೆ ಮುತ್ತು.

ಇಂತಿ ನಿನ್ನ ಪ್ರೀತಿಯ
ತಂಗಿ