ಯಶಸ್ವಿಯಾದದ್ದು ಉದ್ಘಾಟನೆ ಮಾತ್ರ

ಮಾನ್ಯ ಸಂಪಾದಕರೇ,

ಧಾರವಾಡದ ಸಿಂಥೆಟಿಕ್ ಬಯಾಲಜಿ (ಜೀವಕೋಶಗಳನ್ನು ಬೇಕಾದಂತೆ ವಿನ್ಯಾಸ ಮಾಡುವ ವಿದ್ಯೆ) ಕಾರ್ಯಾಗಾರದ ಕುರಿತು ನಿನ್ನೆಯ ಸಂಚಿಕೆಯಲ್ಲಿ ಪ್ರಕಟವಾದ ವರದಿಯನ್ನು ಓದಿದ ಮೇಲೆ, ನಾನು ಹೋಗಿದ್ದು ಅದೇ ಕಾರ್ಯಾಗಾರಕ್ಕೋ ಬೇರೊಂದಕ್ಕೋ ಎಂಬ ಅನುಮಾನ ಬಂದಿದೆ. ಕಂಪ್ಯೂಟರಿನಿಂದಲೇ ಜೀವಿ ಸೃಷ್ಟಿ ಎಂದು ತಲೆಬರಹ ಕೊಟ್ಟಿದ್ದೀರಿ, ಕಾರ್ಯಾಗಾರ ಯಶಸ್ವಿಯಾಗಿ ನೆರವೇರಿತು ಎಂದು ಬರೆದಿದ್ದೀರಿ, ಎರಡೂ ಸುಳ್ಳು.

ಉಪನ್ಯಾಸಕರು ಹೇಳಿದ್ದು 2010ರ ಪ್ರಯೋಗದ ಸಂಗತಿಯನ್ನು. ಅಮೆರಿಕದ ವಿಜ್ಞಾನಿ ಕ್ರೇಗ್ ವೆಂಟರ್ ಅವರ ತಂಡ ಸುಮಾರು 10.8 ಲಕ್ಷ ಬೇಸ್ ಜೋಡಿಗಳ (ಡಿಎನ್ಎ ಏಣಿಯ ಮೆಟ್ಟಿಲುಗಳ) ಡಿಎನ್ಎಯನ್ನು ಕಂಪ್ಯೂಟರಿನಲ್ಲಿ ರೂಪಿಸಿ, ತುಂಡುತುಂಡಾಗಿ ತಯಾರಿಸಿದ್ದನ್ನು ಜೋಡಿಸಿ, ಮೊದಲೇ ಜೀವಂತವಾಗಿದ್ದ ಇನ್ನೊಂದು ಬ್ಯಾಕ್ಟೀರಿಯಾದ ಕೋಶದೊಳಗೆ ಸೇರಿಸಿತು. ಕೋಶವನ್ನು ಯಾರೂ ಸೃಷ್ಟಿಸಲಿಲ್ಲ. ಇದನ್ನು ಉಪನ್ಯಾಸಕರು ಸ್ಪಷ್ಟವಾಗಿಯೇ ಹೇಳಿದರು, ಆದರೆ ಆ ಹೊತ್ತಿಗೆ ನಿಮ್ಮ ವರದಿಗಾರರು ಗಣ್ಯರ ಜೊತೆಗೇ ಹೊರಟುಹೋಗಿದ್ದರು.

ಗಣ್ಯರ ವಿಷಯವನ್ನೂ ಹೇಳಿಬಿಡುತ್ತೇನೆ. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಅವರು ಬಂದದ್ದು ಹನ್ನೊಂದೂವರೆಗೆ, ಮುಂದೆ ಹಾರ, ಶಾಲು, ನೆನಪಿನ ಕಾಣಿಕೆ, ಪೇಢೆಯ ಡಬ್ಬಿ ಎಂದು ಊಟದ ಹೊತ್ತಾಯಿತು. ಮೊಣಕಾಲು ನೋವಿನ ನಾನು ಮಳೆಯಲ್ಲಿ ನೆನೆದು, ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ, ಮೊಮ್ಮಗಳ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದೆ. ಶುಲ್ಕ ಕಟ್ಟಿಯೂ ಊಟದ ಕೂಪನ್ ಮುಗಿದಿದೆ ಎಂದರು. ಗದಗ, ಹಾವೇರಿ ಕಡೆಯಿಂದ ನಸುಕಿನ ಬಸ್ಸು ಹಿಡಿದು ಬಂದ ಹುಡುಗರದ್ದೂ ಇದೇ ಗತಿ.

ಮಧ್ಯಾಹ್ನದ ಪ್ರಾಯೋಗಿಕ ಪಾಠವೇ ಮುಖ್ಯವಾಗಿತ್ತು. 2000ದಲ್ಲಿ ಎಲೊವಿಟ್ಜ್ ಮತ್ತು ಲೀಬ್ಲರ್ ಎಂಬ ವಿಜ್ಞಾನಿಗಳು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮೂರು ವಂಶವಾಹಿಗಳ ಒಂದು ಸರ್ಕ್ಯೂಟ್ ಕಟ್ಟಿದರು. ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನು ತಡೆಯುತ್ತದೆ, ಇದರಿಂದ ಕೋಶದ ಹಸಿರು ಹೊಳಪು ಏರುತ್ತ ಇಳಿಯುತ್ತ ಹೋಗುತ್ತದೆ. ಈ ವಂಶವಾಹಿಗಳು ತಯಾರಿಸುವ ಪ್ರೋಟೀನುಗಳು ಬೇಗ ಕರಗದಿದ್ದರೆ ಈ ಏರಿಳಿತ ಮುಂದುವರಿಯುವುದಿಲ್ಲ ಎಂದು ಕಂಪ್ಯೂಟರಿನ ಸಮೀಕರಣಗಳು ಮೊದಲೇ ಸೂಚಿಸಿದ್ದರಿಂದ, ಪ್ರೋಟೀನುಗಳಿಗೆ ಬೇಗ ನಾಶವಾಗುವಂಥ ಚಿಕ್ಕ ಬಾಲವನ್ನು ಅವರು ಜೋಡಿಸಿದ್ದರು. ಆ ನಾಶದ ವೇಗವನ್ನು ನಾವೇ ಬದಲಿಸಿ ಪರದೆಯ ಮೇಲಿನ ಗೆರೆ ಹೇಗೆ ಬದಲಾಗುತ್ತದೆಂದು ನೋಡಬೇಕಿತ್ತು. ಮೊದಲ ಗೆರೆ ಮೂಡುವಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕೆಂಪು ದೀಪ ಬಿಟ್ಟು ಕಿರುಚತೊಡಗಿತು. ಪ್ರಯೋಗಾಲಯದ ಸಹಾಯಕ ಅದರ ನೆತ್ತಿಗೆ ಎರಡು ಪೆಟ್ಟು ಕೊಟ್ಟು, 'ಬ್ಯಾಟರಿ ಸತ್ತು ಭಾಳ ದಿನಾ ಆತ್ರೀ ಸರ್' ಎಂದ. ಜನರೇಟರಿಗೆ ಡೀಸೆಲ್ ಇರಲಿಲ್ಲ. 2016ರಲ್ಲಿ ಸೆಲ್ಲೊ ಎಂಬ ತಂತ್ರಾಂಶ ರೂಪಿಸಿದ 60 ಜೈವಿಕ ಸರ್ಕ್ಯೂಟುಗಳಲ್ಲಿ 45 ಯಾವ ತಿದ್ದುಪಡಿಯೂ ಇಲ್ಲದೆ ಎಲ್ಲ ಸ್ಥಿತಿಗಳಲ್ಲಿಯೂ ಸರಿಯಾಗಿ ನಡೆದವಂತೆ. ನಮ್ಮ ಸಭಾಂಗಣದಲ್ಲಿ ಗೋಡೆಯ ಸರ್ಕ್ಯೂಟು ಒಂದೂ ನಡೆಯಲಿಲ್ಲ.

ಇದು ಇಂದಿನ ರೋಗವಲ್ಲ. ನಾನು ಪಾಠ ಮಾಡುತ್ತಿದ್ದ ಕಾಲೇಜಿಗೆ ಡಿಎನ್ಎಯ ಪ್ರತಿಗಳನ್ನು ತೆಗೆಯುವ ಪಿಸಿಆರ್ ಯಂತ್ರ ಬಂದಾಗ ಸ್ಟೆಬಿಲೈಸರ್ ಮಂಜೂರಾಗದೆ ಅದು ಪೆಟ್ಟಿಗೆಯಲ್ಲಿಯೇ ಉಳಿಯಿತು. ಅರ್ಜಿ ಕೊಟ್ಟರೆ ಕಟ್ಟಡದವರು ವಿದ್ಯುತ್ತಿನವರ ಕಡೆಗೆ, ವಿದ್ಯುತ್ತಿನವರು ಹಣಕಾಸಿನವರ ಕಡೆಗೆ, ಹಣಕಾಸಿನವರು ಮತ್ತೆ ಕಟ್ಟಡದವರ ಕಡೆಗೆ ಬೆರಳು ತೋರಿಸುತ್ತಿದ್ದರು. ಎಲೊವಿಟ್ಜ್ ಅವರ ಸರ್ಕ್ಯೂಟಿನಂತೆಯೇ ಇದು. ಆದರೆ ಆ ಬ್ಯಾಕ್ಟೀರಿಯಾ ಆಗಾಗ ಹೊಳೆಯುತ್ತಾದರೂ ಇತ್ತು. ಕೇಂದ್ರ ಸರ್ಕಾರ 2024ರಲ್ಲಿ ಬಯೋಇ3 ಎಂಬ ಜೈವಿಕ ತಂತ್ರಜ್ಞಾನ ನೀತಿಯನ್ನು ತಂದಿತು, ನಮ್ಮ ಅಧಿಕಾರಿಗಳು ಅದರ ಹೆಸರನ್ನು ಬ್ಯಾನರಿನಲ್ಲಿ ದೊಡ್ಡದಾಗಿ ಬರೆಸಿದರು. ಅಲ್ಲಿಗೆ ಅನುಷ್ಠಾನ ಮುಗಿಯಿತು.

ಆದ್ದರಿಂದ ತಾವು ವರದಿಯನ್ನು ತಿದ್ದಿ ಪ್ರಕಟಿಸಬೇಕು, ಸಂಘಟಕರು ಕಾರ್ಯಾಗಾರವನ್ನು ಮತ್ತೆ ನಡೆಸಬೇಕು ಅಥವಾ ಶುಲ್ಕವನ್ನು ಮರಳಿಸಬೇಕು, ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಬೇಕು. ಒಂದು ಕ್ಯಾನ್ ಡೀಸೆಲ್ ತರಿಸಿಡಲಾರದವರು ಜೀವಕೋಶದ ವಿನ್ಯಾಸ ಕಲಿಸುತ್ತೇವೆಂದು ಮಕ್ಕಳಿಂದ ಹಣ ಎತ್ತುವುದಕ್ಕೆ ನಾಚಿಕೆಯಾದರೂ ಪಡಲಿ.

ಇಂತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ವಿದ್ಯಾನಗರ, ಹುಬ್ಬಳ್ಳಿ